ವೀಣೆ ಶೇಷಣ್ಣ: ನುಡಿಸುವ ಕೈಯೇ ರಚಿಸಿದಾಗ

ವೀಣೆ ಶೇಷಣ್ಣನವರು 1852ರಲ್ಲಿ ಮೈಸೂರಿನ ವೈಣಿಕರ ಮನೆತನದಲ್ಲಿ ಹುಟ್ಟಿದರು. ತಂದೆ ಚಿಕ್ಕರಾಮಪ್ಪನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದ್ವಾಂಸರು. ಶೇಷಣ್ಣನವರು ಇನ್ನೂ ಹುಡುಗನಾಗಿದ್ದಾಗ, ಶಿವರಾತ್ರಿಯ ಕಛೇರಿಯೊಂದರಲ್ಲಿ ಹಿರಿಯರಿಗೂ ತೊಡಕಾದ ಪಲ್ಲವಿಯನ್ನು ಬಿಡಿಸಿ ದೊರೆಯಿಂದ ಮುತ್ತಿನ ಹಾರ ಪಡೆದರೆಂದು ಮೈಸೂರಿನವರು ಇಂದಿಗೂ ಹೇಳುತ್ತಾರೆ.

ತಂದೆ ತೀರಿಕೊಂಡ ಮೇಲೆ ದೊಡ್ಡ ಶೇಷಣ್ಣನವರಲ್ಲಿ ವೀಣೆಯ ಪಾಠವಾಯಿತು, ಮೈಸೂರು ಸದಾಶಿವರಾಯರಲ್ಲಿ ಗಾಯನದ ಪಾಠ. ಸದಾಶಿವರಾಯರ ಗುರು ವಾಲಾಜಾಪೇಟೆ ವೆಂಕಟರಮಣ ಭಾಗವತರು ತ್ಯಾಗರಾಜರ ನೇರ ಶಿಷ್ಯರು. ಈ ಗಾಯನಶಿಕ್ಷಣವೇ ಶೇಷಣ್ಣನವರ ದೊಡ್ಡ ಬಂಡವಾಳ ಎನ್ನಬೇಕು. ಕೃತಿಯನ್ನು ಹಾಡಿ ಬಲ್ಲವನಿಗೆ ಮಾತ್ರ ಸಾಹಿತ್ಯದ ಯಾವ ಅಕ್ಷರದ ಮೇಲೆ ಮೀಟು ಬೀಳಬೇಕು, ಎಲ್ಲಿ ತಂತಿಯನ್ನು ಹಾಗೆಯೇ ಮಿಡಿಯಬಿಡಬೇಕು ಎಂಬುದು ತಿಳಿಯುತ್ತದೆ.

ವೀಣೆಗೆ ಇಪ್ಪತ್ನಾಲ್ಕು ಮೆಟ್ಟಿಲು, ನುಡಿಸಲು ನಾಲ್ಕು ತಂತಿ, ತಾಳಕ್ಕೆ ಮೂರು. ಇಷ್ಟರಲ್ಲಿಯೇ ಮೈಸೂರಿನವರು ತಮ್ಮದೇ ಬಾನಿ ಕಟ್ಟಿದರು: ಬಿಡಿಬಿಡಿಯಾದ ಸ್ಪಷ್ಟ ಮೀಟು, ಹಿತಮಿತವಾದ ಗಮಕ, ತುಂಬು ತಾನ. ಅದಕ್ಕೆ ಪ್ರೌಢ ರೂಪ ಬಂದದ್ದು ಶೇಷಣ್ಣನವರ ಕೈಯಲ್ಲಿ. ಪಿಟೀಲು, ಸ್ವರಬತ್, ಜಲತರಂಗ, ಪಿಯಾನೊಗಳೂ ಅವರಿಗೆ ಒಲಿದಿದ್ದವು.

ವಾದಕನೇ ರಚನಕಾರನಾಗುವುದು ಆ ಶತಮಾನದಲ್ಲಿ ಯುರೋಪಿನಲ್ಲಿಯೂ ಇತ್ತು. ಮ್ಯೂನಿಕ್ಕಿನ ಕೊಳಲುವಾದಕ ಥಿಯೊಬಾಲ್ಡ್ ಬೋಮ್ (1794–1881) ತನ್ನ ವಾದ್ಯಕ್ಕಾಗಿ ಸಂಗೀತ ಬರೆದ. ಸಾಲದೆಂಬಂತೆ ರಂಧ್ರ, ಕೀಲಿಗಳ ಜೋಡಣೆ ಬದಲಿಸಿ ಕೊಳಲನ್ನೇ ಹೊಸದಾಗಿ ಮಾಡಿದ. ಶೇಷಣ್ಣನವರು ವೀಣೆಯನ್ನು ಇದ್ದಂತೆಯೇ ಉಳಿಸಿಕೊಂಡು ನುಡಿಸಾಣಿಕೆಯನ್ನು ಬೆಳೆಸಿದರು. ಸ್ವರಜತಿ, ವರ್ಣ, ಕೃತಿ, ತಿಲ್ಲಾನಗಳನ್ನು ರಚಿಸಿದರು. ಅವುಗಳಲ್ಲಿ ತಿಲ್ಲಾನಗಳ ಸೊಗಸೇ ಬೇರೆ. ಅಲ್ಲಿ ಅರ್ಥದ ಭಾರವಿಲ್ಲ, ಜತಿಯ ಓಟವಿದೆ. ವೈಣಿಕನ ಬೆರಳಿಗೆ ಅದು ಹೇಳಿ ಮಾಡಿಸಿದ ಪ್ರಕಾರ.

ಚಾಮರಾಜ ಒಡೆಯರು ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅವರ ಕೀರ್ತಿ ನಾಡಿನಾಚೆಗೂ ಹಬ್ಬಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಅವರ ವೀಣೆ ಮೊಳಗಿತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಎರಡೇ ವರ್ಷಕ್ಕೆ, 1926ರಲ್ಲಿ ತೀರಿಕೊಂಡರು.

ಅವರ ಬಾನಿ ಶಿಷ್ಯ ವೆಂಕಟಗಿರಿಯಪ್ಪನವರಿಗೆ ಬಂತು, ಅವರಿಂದ ವಿ. ದೊರೆಸ್ವಾಮಿ ಅಯ್ಯಂಗಾರರಿಗೆ. ಅಯ್ಯಂಗಾರರ ಧ್ವನಿಮುದ್ರಣಗಳು ಸುಲಭವಾಗಿ ಸಿಗುತ್ತವೆ. ಮೈಸೂರು ಬಾನಿ ಹೇಗಿರುತ್ತದೆಂದು ತಿಳಿಯಬಯಸುವವರು ಮೊದಲು ಅವರ ತಾನ ಕೇಳಬೇಕು.