ಗಡಿಯಾಚೆಯ ಆಸ್ಪತ್ರೆ, ಕಂಪೆನಿಯ ವೋಚರು



ಆಸ್ಪತ್ರೆಗೆಂದು ರಾಜ್ಯದ ಗಡಿ ದಾಟುವುದು ನಮ್ಮಂಥವರಿಗೆ ಹೊಸತಲ್ಲ. ಕಾಸರಗೋಡಿನವರು ಮಂಗಳೂರಿಗೆ ಹೋಗುತ್ತಾರೆ, ಹೊಸೂರಿನವರು ಬೆಂಗಳೂರಿಗೆ ಹೋಗುತ್ತಾರೆ. ದೊಡ್ಡ ಆಸ್ಪತ್ರೆ ಅಲ್ಲಿದೆ ಎಂದು ಹೋಗುತ್ತೇವೆಯೇ ಹೊರತು, ಚಿಕಿತ್ಸೆ ಈಚೆ ಅಪರಾಧ, ಆಚೆ ಅಲ್ಲ ಎಂದು ಹೋಗುವುದಿಲ್ಲ. ಅಮೆರಿಕದಲ್ಲಿ ಗರ್ಭಪಾತದ ಮಟ್ಟಿಗೆ ಈಗ ಅಂಥ ಸ್ಥಿತಿಯೇ ಬಂದಿದೆ. ಅಲ್ಲಿನ ಎಷ್ಟೋ ಕಂಪೆನಿಗಳು, ಬೇರೆ ರಾಜ್ಯಕ್ಕೆ ಹೋಗಿ ಗರ್ಭಪಾತ ಮಾಡಿಸಿಕೊಳ್ಳಬೇಕಾದ ತಮ್ಮ ನೌಕರರಿಗೆ ಪ್ರಯಾಣದ ಖರ್ಚು ಕೊಡುತ್ತಿವೆ. ಈ ಏರ್ಪಾಡು ಹೇಗೆ ನಡೆಯುತ್ತದೆ, ಯಾರಿಗೆ ಸಿಗುತ್ತದೆ, ಯಾರ ಕೈಗೆ ಎಟುಕುವುದಿಲ್ಲ ಎಂಬುದನ್ನು ಇಂದು ನೋಡೋಣ. ಕನ್ನಡದ ಮನೆಗಳ ಮಕ್ಕಳು, ಸೊಸೆಯಂದಿರು ಟೆಕ್ಸಾಸಿನ ಡಲ್ಲಾಸ್, ಆಸ್ಟಿನ್‌ಗಳಲ್ಲಿ ದುಡಿಯುತ್ತಿರುವಾಗ ವಿಷಯ ನಮಗೆ ತೀರ ದೂರದ್ದೇನೂ ಅಲ್ಲ.

ಮೊದಲು ಕಾನೂನಿನ ಹಿನ್ನೆಲೆ. 1973ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 'ರೋ ವಿರುದ್ಧ ವೇಡ್' ಮೊಕದ್ದಮೆಯಲ್ಲಿ, ಗರ್ಭಪಾತದ ಹಕ್ಕಿಗೆ ಸಂವಿಧಾನದ ರಕ್ಷಣೆ ಇದೆ ಎಂದಿತು. ಸುಮಾರು ಐವತ್ತು ವರ್ಷ ಅದೇ ನಡೆಯಿತು. 2022ರ ಜೂನ್ 24ರಂದು, ಮಿಸಿಸಿಪಿ ರಾಜ್ಯದ ಕಾನೂನೊಂದರ ಮೇಲಿನ 'ಡಾಬ್ಸ್' ಮೊಕದ್ದಮೆಯಲ್ಲಿ ಅದೇ ಕೋರ್ಟು ಹಳೆಯ ತೀರ್ಪನ್ನು ರದ್ದುಗೊಳಿಸಿ, ತೀರ್ಮಾನವನ್ನು ಆಯಾ ರಾಜ್ಯಗಳಿಗೆ ಬಿಟ್ಟಿತು. ಟೆಕ್ಸಾಸಿನಲ್ಲಿ ತಾಯಿಯ ಪ್ರಾಣಾಪಾಯದಂಥ ಸಂದರ್ಭ ಬಿಟ್ಟರೆ ಗರ್ಭಪಾತ ನಿಷಿದ್ಧವಾಯಿತು. ಮಾಡಿದ ವೈದ್ಯರಿಗೆ ಜೀವಾವಧಿಯವರೆಗೂ ಸೆರೆಮನೆ, ಕನಿಷ್ಠ ಒಂದು ಲಕ್ಷ ಡಾಲರು ದಂಡ. ಅದಕ್ಕೆ ತಾಗಿಕೊಂಡಿರುವ ನಾಲ್ಕು ರಾಜ್ಯಗಳಲ್ಲಿ ಒಕ್ಲಹೋಮ, ಅರ್ಕನ್ಸಾ, ಲೂಸಿಯಾನಾಗಳಲ್ಲೂ ನಿಷೇಧ. ನ್ಯೂ ಮೆಕ್ಸಿಕೊದಲ್ಲಿ ಮಾತ್ರ ಅವಕಾಶ. ಹ್ಯೂಸ್ಟನ್‌ನಿಂದ ನ್ಯೂ ಮೆಕ್ಸಿಕೊದ ಆಲ್ಬಕರ್ಕಿಗೆ ರಸ್ತೆಯಲ್ಲಿ ಸುಮಾರು 1,400 ಕಿಲೋಮೀಟರು. ಟಿಕೆಟ್ಟು, ವಸತಿ, ಊಟ, ಹೋದ ದಿನಗಳ ಸಂಬಳ, ಎಲ್ಲ ಸೇರಿದರೆ ಚಿಕಿತ್ಸೆಗಿಂತ ಪ್ರಯಾಣವೇ ಭಾರವಾಗಬಹುದು.

ಕಂಪೆನಿಗಳು ಇದರಲ್ಲಿ ಏಕೆ ಬಂದವು? ಆ ದೇಶದಲ್ಲಿ ಅರವತ್ತೈದು ದಾಟದವರಲ್ಲಿ ಹೆಚ್ಚಿನವರಿಗೆ ಆರೋಗ್ಯ ವಿಮೆ ಬರುವುದು ನೌಕರಿಯ ಮೂಲಕ. ಹಲವು ರಾಜ್ಯಗಳಲ್ಲಿ ಕಚೇರಿ ಇರುವ ಕಂಪೆನಿಯಲ್ಲಿ, ನ್ಯೂಯಾರ್ಕಿನ ನೌಕರಳಿಗೆ ಸಿಗುವ ಚಿಕಿತ್ಸೆ ಡಲ್ಲಾಸಿನವಳಿಗೆ ಸಿಗದೆಹೋದರೆ, ಡಲ್ಲಾಸಿಗೆ ಕೆಲಸಗಾರರು ಬರಲು ಹಿಂಜರಿಯುತ್ತಾರೆ. ಆದ್ದರಿಂದ ಇದು ಬರಿಯ ಉದಾರತನವಲ್ಲ, ವ್ಯವಹಾರದ ಲೆಕ್ಕವೂ ಹೌದು. ಸಿಟಿಗ್ರೂಪ್ ಬ್ಯಾಂಕು 2022ರ ಮಾರ್ಚಿನಲ್ಲೇ, ಅಂದರೆ ತೀರ್ಪಿಗೆ ಮೊದಲೇ, ಇಂಥ ಖರ್ಚು ಕೊಡುವುದಾಗಿ ತನ್ನ ಷೇರುದಾರರಿಗೆ ತಿಳಿಸಿತು. ಮೇ ತಿಂಗಳಲ್ಲಿ ಅಮೆಜಾನ್ ಕಂಪೆನಿ, ಮನೆಯಿಂದ ನೂರು ಮೈಲಿಯೊಳಗೆ ಸಿಗದ ಚಿಕಿತ್ಸೆಗಳಿಗೆ ವರ್ಷಕ್ಕೆ 4,000 ಡಾಲರುಗಳವರೆಗೆ ಪ್ರಯಾಣ ವೆಚ್ಚ ಎಂದು ಪ್ರಕಟಿಸಿತು. ತೀರ್ಪು ಬಂದ ದಿನವೇ ಡಿಕ್ಸ್ ಸ್ಪೋರ್ಟಿಂಗ್ ಗೂಡ್ಸ್ ಎಂಬ ಆಟದ ಸಾಮಾನಿನ ಕಂಪೆನಿ, ಜೊತೆಗೆ ಹೋಗುವ ಒಬ್ಬರ ಖರ್ಚನ್ನೂ ಸೇರಿಸಿ ಅಷ್ಟೇ ಮೊತ್ತವನ್ನು ಘೋಷಿಸಿತು. ಆಗಸ್ಟಿನಲ್ಲಿ ವಾಲ್‌ಮಾರ್ಟ್ ಕೂಡ ಸೇರಿಕೊಂಡಿತು.

ಇನ್ನು ಹಣ ಕೈಗೆ ಬರುವ ಬಗೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸಹೋದ್ಯೋಗಿಗಳ ವೈದ್ಯಕೀಯ ಬಿಲ್ಲುಗಳನ್ನು ವರ್ಷಗಟ್ಟಲೆ ನೋಡಿದ ನನಗೆ ಒಂದು ಮಾತು ಗೊತ್ತು: ಬಿಲ್ಲು ಎಷ್ಟು ಮೇಜು ದಾಟುತ್ತದೋ ಅಷ್ಟು ಜನಕ್ಕೆ ಕಾಯಿಲೆಯ ಹೆಸರು ತಿಳಿಯುತ್ತದೆ. ಗರ್ಭಪಾತದ ವಿಷಯದಲ್ಲಿ ಈ ಗುಟ್ಟು ಇನ್ನೂ ಮುಖ್ಯ. ಆದ್ದರಿಂದ ಅಲ್ಲಿನ ದೊಡ್ಡ ಕಂಪೆನಿಗಳಲ್ಲಿ ಸಾಮಾನ್ಯವಾಗಿ ನೌಕರಳು ತನ್ನ ಮೇಲಧಿಕಾರಿಯನ್ನು ಕೇಳಬೇಕಾಗಿಲ್ಲ. ವಿಮೆಯ ಲೆಕ್ಕ ನೋಡಿಕೊಳ್ಳುವ ಹೊರಗಿನ ಸಂಸ್ಥೆಗೆ ರಸೀದಿ ಕಳುಹಿಸಿದರೆ ಆಯಿತು. ಹಲವು ಕಡೆ ಸೌಲಭ್ಯದ ಹೆಸರೂ 'ವೈದ್ಯಕೀಯ ಪ್ರಯಾಣ' ಎಂದಷ್ಟೇ ಇರುತ್ತದೆ. ಹೃದಯದ ಚಿಕಿತ್ಸೆಗೆ ಹೋದವರೂ ಅದೇ ಶೀರ್ಷಿಕೆಯಡಿ ಬರುತ್ತಾರೆ. ಆದಾಯ ತೆರಿಗೆಯ ಒಂದು ಕೊಕ್ಕೆಯೂ ಇದೆ. ಚಿಕಿತ್ಸೆಗಾಗಿ ಹೊರಗೆ ತಂಗಿದರೆ ಒಬ್ಬರಿಗೆ ರಾತ್ರಿಯೊಂದಕ್ಕೆ 50 ಡಾಲರಿನಷ್ಟಕ್ಕೆ ಮಾತ್ರ ತೆರಿಗೆ ವಿನಾಯಿತಿ. ಅದಕ್ಕಿಂತ ಹೆಚ್ಚು ಕೊಟ್ಟರೆ ಅದು ಸಂಬಳದ ಲೆಕ್ಕಕ್ಕೆ ಸೇರುತ್ತದೆ.

ಇದಕ್ಕೆ ವಿರೋಧವೂ ಇದೆ. ಗರ್ಭದಲ್ಲಿರುವುದೂ ಒಂದು ಜೀವವೇ ಎಂದು ನಂಬುವವರು, ಕಂಪೆನಿಯ ಹಣ ಇಂಥದಕ್ಕೆ ಹೋಗಬಾರದು ಎನ್ನುತ್ತಾರೆ. ಟೆಕ್ಸಾಸಿನ ಕೆಲವು ಶಾಸಕರು 2022ರಲ್ಲಿ ಇಂಥ ಸಂಸ್ಥೆಗಳಿಗೆ ಎಚ್ಚರಿಕೆಯ ಪತ್ರಗಳನ್ನೇ ಬರೆದರು. 1974ರ ಒಂದು ಕೇಂದ್ರ ಕಾನೂನಿನಿಂದಾಗಿ, ಸ್ವಂತ ಹಣದಿಂದ ವಿಮೆ ನಡೆಸುವ ಕಂಪೆನಿಗಳಿಗೆ ರಾಜ್ಯಗಳ ವಿಮಾ ನಿಯಮ ತಟ್ಟುವುದಿಲ್ಲ. ಆದರೆ ರಾಜ್ಯದ ಸಾಮಾನ್ಯ ಕ್ರಿಮಿನಲ್ ಕಾನೂನುಗಳಿಂದ ಆ ಕಾನೂನು ಕಾಪಾಡುವುದಿಲ್ಲ. ಡಾಬ್ಸ್ ತೀರ್ಪಿನಲ್ಲಿ ಬಹುಮತದ ಜೊತೆಗಿದ್ದ ನ್ಯಾಯಮೂರ್ತಿ ಕ್ಯಾವನಾ ಅವರು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಗರ್ಭಪಾತಕ್ಕಾಗಿ ಬೇರೆ ರಾಜ್ಯಕ್ಕೆ ಹೋಗುವವರನ್ನು ತಡೆಯಲಾಗದು ಎಂದು ಬರೆದಿದ್ದಾರೆ. ಹೋಗುವವರ ಮಾತು ಅದಾಯಿತು. ಖರ್ಚು ಕೊಟ್ಟವರ ಮಾತು ಅಲ್ಲಿ ಬರಲಿಲ್ಲ.

ಮಾಲಿಕರು ಕೊಟ್ಟದ್ದನ್ನು ಮಾಲಿಕರೇ ಹಿಂದಕ್ಕೂ ತೆಗೆದುಕೊಳ್ಳಬಹುದು. ಸರಕಾರವೂ ಒಬ್ಬ ಮಾಲಿಕನೇ. ಅಮೆರಿಕದ ರಕ್ಷಣಾ ಇಲಾಖೆ 2023ರ ಫೆಬ್ರವರಿಯಲ್ಲಿ ತನ್ನ ಸೈನಿಕರಿಗೆ ಈ ಬಗೆಯ ರಜೆ ಮತ್ತು ಪ್ರಯಾಣ ಭತ್ಯೆ ತಂದಿತು. ಅದನ್ನು ಒಪ್ಪದ ಅಲಬಾಮಾದ ಸೆನೆಟರ್ ಟಾಮಿ ಟ್ಯೂಬರ್‌ವಿಲ್, ನೂರಾರು ಸೇನಾಧಿಕಾರಿಗಳ ಬಡ್ತಿಯನ್ನು ತಿಂಗಳುಗಟ್ಟಲೆ ತಡೆಹಿಡಿದರು. ಕಡೆಗೆ 2025ರ ಜನವರಿಯಲ್ಲಿ ಹೊಸ ಸರಕಾರ ಬಂದ ಕೂಡಲೇ ಭತ್ಯೆ ರದ್ದಾಯಿತು.

ಈ ಸೌಲಭ್ಯದ ದೊಡ್ಡ ಕೊರತೆ ಇಲ್ಲೇ ಇದೆ. ಕಂಪೆನಿಯ ವಿಮೆ ಉಳ್ಳವರಿಗೆ ವೋಚರು ಪಾಸಾಗುತ್ತದೆ. ಅದೇ ಕಟ್ಟಡದ ನೆಲ ಒರೆಸುವ ಗುತ್ತಿಗೆಯ ಹೆಂಗಸಿಗೆ, ವಾರಕ್ಕೆ ಕೆಲವೇ ಗಂಟೆ ದುಡಿಯುವ ಹೋಟೆಲಿನ ಹುಡುಗಿಗೆ ಸಾಮಾನ್ಯವಾಗಿ ಆ ವಿಮೆಯೇ ಇರುವುದಿಲ್ಲ. ಪ್ರಯಾಣದ ಖರ್ಚು ಯಾರಿಗೆ ಹೆಚ್ಚು ಭಾರವೋ ಅವರಿಗೇ ನೆರವು ಇಲ್ಲ. ಕೆಲಸ ಹೋದರೆ ಸೌಲಭ್ಯವೂ ಹೋಯಿತು. ಹಕ್ಕಾಗಿದ್ದದ್ದು ಭತ್ಯೆಯಾದಾಗ ಆಗುವ ವ್ಯತ್ಯಾಸ ಇದು.

ನಮ್ಮಲ್ಲಿ 1971ರ ವೈದ್ಯಕೀಯ ಗರ್ಭಪಾತ ಕಾಯಿದೆ ಇಡೀ ದೇಶಕ್ಕೆ ಒಂದೇ. 2021ರ ತಿದ್ದುಪಡಿಯಂತೆ, ಕಾಯಿದೆ ಹೇಳುವ ಕಾರಣಗಳಿದ್ದಲ್ಲಿ ಇಪ್ಪತ್ತು ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಇಪ್ಪತ್ತರಿಂದ ಇಪ್ಪತ್ನಾಲ್ಕು ವಾರದವರೆಗೆ, ಗೊತ್ತುಪಡಿಸಿದ ವರ್ಗದವರಿಗೆ, ಇಬ್ಬರ ಅಭಿಪ್ರಾಯ ಬೇಕು. ಆ ವರ್ಗಗಳಿಂದ ಅವಿವಾಹಿತೆಯರನ್ನು ಹೊರಗಿಡಬಾರದು ಎಂದು 2022ರ ಸೆಪ್ಟೆಂಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿದೆ. ಹೆಸರು ಗುಟ್ಟಾಗಿಡಬೇಕಾದದ್ದು ವೈದ್ಯರ ಕರ್ತವ್ಯ. ತಲಪಾಡಿಯ ಈಚೆಗೂ ಆಚೆಗೂ ಇದೇ ಕಾನೂನು.

ಅಮೆರಿಕಕ್ಕೆ ಹೊರಟ ಮಕ್ಕಳಿರುವ ಮನೆಯವರಲ್ಲಿ ಒಂದು ವಿನಂತಿ. ನೇಮಕದ ಪತ್ರ ಬಂದಾಗ ಸಂಬಳದ ಅಂಕಿ ನೋಡಿ ಮಡಚಿಡಬೇಡಿ. ಯಾವ ರಾಜ್ಯದ ಕೆಲಸ, ವಿಮೆ ಯಾವುದು, ಅದರಲ್ಲಿ ವೈದ್ಯಕೀಯ ಪ್ರಯಾಣ ಸೇರಿದೆಯೇ, ಗಂಡ ಅಥವಾ ಹೆಂಡತಿಗೂ ಅದು ಅನ್ವಯಿಸುತ್ತದೆಯೇ ಎಂದು ಓದಿ ನೋಡಲು ಹೇಳಿರಿ. ಕಷ್ಟ ಬಂದ ದಿನ ಓದುವುದಕ್ಕಿಂತ ಮೊದಲೇ ಓದಿಕೊಳ್ಳುವುದು ಮೇಲು.