ಹಕ್ಕಿಗೆ ಮನೂಕ ಇಡ್ತೀರಾ? ಮೊದಲು ನೆನೆಸಿ, ನಾಯಿಗೆ ಸಿಗದಂತೆ ಎತ್ತರದಲ್ಲಿಡಿ

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬ್ಯಾಸಗಿ ಬಂತೆಂದರೆ ಮಾಳಿಗೆ ಮೇಲೆ ಹಕ್ಕಿಗೆ ನೀರು, ಕಾಳು ಇಡುವ ಮಂದಿ ಇದ್ದೇ ಇರ್ತಾರೆ. ಒಣದ್ರಾಕ್ಷಿ ನಮ್ಮ ಜಿಲ್ಲೆಯದೇ ಮಾಲು. ಹಾಗಾಗಿ ಡಬ್ಬಿ ತಳದಲ್ಲಿ ಉಳಿದ ನಾಲ್ಕು ಮನೂಕವನ್ನೂ ಕಾಳಿನ ಜೊತೆ ಚೆಲ್ಲುವುದುಂಟು. ಹಕ್ಕಿಗೆ ಇದು ಒಳ್ಳೆಯ ತಿನಿಸೇ. ಆದರೆ ಒಣಗಿದ್ದನ್ನು ಹಾಗೇ ಹಾಕಬೇಡಿ. ನೆಲದ ಮೇಲಂತೂ ಹಾಕಲೇಬೇಡಿ.

ನೆನೆಸುವುದು ಯಾಕೆ?

ಹಸಿ ದ್ರಾಕ್ಷಿಯಲ್ಲಿ ಶೇ 80ರಷ್ಟು ನೀರೇ ಇರುತ್ತದೆ. ಸುಮಾರು 4 ಕೆ.ಜಿ. ಹಣ್ಣು ಒಣಗಿದರೆ 1 ಕೆ.ಜಿ. ಮನೂಕ. ಅದರಲ್ಲಿ ಉಳಿಯುವ ನೀರು ಶೇ 15ರ ಆಸುಪಾಸು, ಉಳಿದದ್ದು ಬಹುತೇಕ ಸಕ್ಕರೆ. ಹಕ್ಕಿಗೆ ನಮ್ಮಂತೆ ಬೆವರು ಬರುವುದಿಲ್ಲ. ಬಿಸಿಲು 40 ಡಿಗ್ರಿ ದಾಟಿದಾಗ ಬಾಯಿ ತೆರೆದು ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ. ಆ ಉಸಿರಿನ ಜೊತೆ ಮೈಯೊಳಗಿನ ನೀರೂ ಖರ್ಚಾಗುತ್ತದೆ. ರಾತ್ರಿ ನೆನೆ ಹಾಕಿ ಬೆಳಿಗ್ಗೆ ಇಟ್ಟರೆ ಹಣ್ಣಿನ ಜೊತೆ ಒಂದಿಷ್ಟು ನೀರೂ ಹೊಟ್ಟೆಗೆ ಸೇರುತ್ತದೆ, ನುಂಗಲೂ ಸುಲಭ.

ತೊಳೆಯುವುದೂ ಅಷ್ಟೇ ಮುಖ್ಯ. ಬೇಗ ಒಣಗಲೆಂದು ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್, ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದುತ್ತಾರೆ. ಬಣ್ಣ ಉಳಿಯಲೆಂದು ಗಂಧಕದ ಹೊಗೆ ಕೊಡುವುದೂ ಉಂಟು. ಆದ್ದರಿಂದ ಎರಡು ಸಲ ತೊಳೆದು ನೆನೆಸಿ, ಆ ನೀರು ಚೆಲ್ಲಿ, ದಪ್ಪನೆಯದಿದ್ದರೆ ತುಂಡು ಮಾಡಿ ಇಡಿ.

ಯಾವ ಹಕ್ಕಿಗೆ ಏನು?

ಪಿಕಳಾರ, ಗೊರವಂಕ, ಕೋಗಿಲೆ, ಗಿಳಿ ಹಣ್ಣು ತಿನ್ನುವ ಹಕ್ಕಿಗಳು. ದ್ರಾಕ್ಷಿ ತೋಟಕ್ಕೆ ಬಲೆ ಕಟ್ಟುವುದೂ ಇಂಥವುಗಳ ಕಾಟಕ್ಕೇ. ಹಾಗಾಗಿ ತೋಟದ ಬದುವಿನಲ್ಲಿ ಮನೂಕ ಇಟ್ಟು ಅವನ್ನು ಕರೆಯಬೇಡಿ. ಗುಬ್ಬಿ, ಪಾರಿವಾಳಕ್ಕೆ ಸಜ್ಜೆ, ನವಣೆ, ಜೋಳದ ನುಚ್ಚೇ ಸರಿ. ಗುಬ್ಬಿ ತನ್ನ ಮರಿಗಳಿಗೆ ತಿನ್ನಿಸುವುದು ಹೆಚ್ಚಾಗಿ ಹುಳುಗಳನ್ನು. ಅಂಗಳದ ಗಿಡಗಳಿಗೆ ಸುಮ್ಮಸುಮ್ಮನೆ ಔಷಧಿ ಹೊಡೆದರೆ ಆ ಊಟ ಇಲ್ಲವಾಗುತ್ತದೆ.

ನಾಯಿಗೆ ಮನೂಕ ವಿಷ

ಬಹಳ ಮಂದಿಗೆ ಗೊತ್ತಿಲ್ಲದ ಮಾತಿದು. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಯ ಮೂತ್ರಪಿಂಡ ಕೆಟ್ಟು ಅದು ಸಾಯಬಹುದು. ಎಲ್ಲ ನಾಯಿಗೂ ಹೀಗಾಗುವುದಿಲ್ಲ, ಆದರೆ ಇಷ್ಟು ತಿಂದರೆ ಏನೂ ಆಗಲ್ಲ ಎನ್ನುವ ಲೆಕ್ಕವೂ ಇಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬಹುದೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಹೇಳಿದರು. ಹುಣಸೆಹಣ್ಣಿನಲ್ಲೂ ಇದೇ ಆಮ್ಲ ಇದೆ. ಮನೂಕ ತಿಂದ ನಾಯಿ ವಾಂತಿ ಮಾಡಲಿ ಎಂದು ಕಾಯಬೇಡಿ, ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ. ಹಕ್ಕಿಯ ತಟ್ಟೆಯನ್ನು ಬೇವಿನ ಗಿಡಕ್ಕೆ ತೂಗುಹಾಕಿ, ಇಲ್ಲವೇ ಮಾಳಿಗೆ ಮೇಲಿಡಿ. ಕೆಳಗೆ ಉದುರಿದ್ದನ್ನು ಗುಡಿಸಿ ತೆಗೆಯಿರಿ.

ಅಂಗಡಿಯವರಿಗೆ ಒಂದು ಮಾತು

ಕಿರಾಣಿ ಅಂಗಡಿಯ ನೆಲ ಗುಡಿಸಿದ ಮನೂಕವನ್ನು ಹಕ್ಕಿಗೆ ಹಾಕಬೇಡಿ, ಅದರಲ್ಲಿ ಇಲಿ ಪಾಷಾಣ ಸೇರಿರಬಹುದು. ಬೂಸ್ಟು ಹಿಡಿದದ್ದು, ಹುಳಿ ವಾಸನೆ ಬಂದದ್ದು, ಉಪ್ಪು ಸವರಿದ ಒಣಹಣ್ಣು ಕೂಡ ಬೇಡ.

ದಿನಕ್ಕೆ ಅರ್ಧ ಹಿಡಿ ಸಾಕು. ನೆನೆದ ಹಣ್ಣು ಬಿಸಿಲಿಗೆ ಬೇಗ ಹುಳಿಯುತ್ತದೆ, ಇರುವೆಯೂ ಮುತ್ತುತ್ತದೆ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದನ್ನು ತೆಗೆದುಬಿಡಿ. ಮನೂಕ ಇಡದಿದ್ದರೂ ನಡೆಯುತ್ತದೆ, ನೀರು ಮಾತ್ರ ತಪ್ಪಿಸಬೇಡಿ. ಅಗಲವಾದ ಮಣ್ಣಿನ ಬಟ್ಟಲು ನೆರಳಲ್ಲಿಟ್ಟು ದಿನಾ ತೊಳೆದು ತುಂಬಿಸಿ.