ಎರೆಯುವ ಕೈ, ಒಂದು ಗಂಟೆಯ ಬಿಡುವು

ಬೆಲ್ಜಿಯಂ ದೇಶದಲ್ಲಿ ಸ್ಪಾ ಎಂಬ ಹೆಸರಿನ ಒಂದು ಊರುಂಟು. ಅಲ್ಲಿಯ ಬುಗ್ಗೆಗಳ ನೀರನ್ನು ಕುಡಿದರೆ, ಅದರಲ್ಲಿ ಮಿಂದರೆ ರೋಗ ವಾಸಿಯಾಗುವುದೆಂದು ಯುರೋಪಿನ ಸಿರಿವಂತರು ಶತಮಾನಗಳ ಕಾಲ ಆ ಊರಿಗೆ ಯಾತ್ರೆ ಹೋಗುತ್ತಿದ್ದರು. ಊರಿನ ಹೆಸರೇ ಕ್ರಮೇಣ ಒಂದು ವ್ಯಾಪಾರದ ಹೆಸರಾಗಿ, ಇಂದು ಸೊಲ್ಲಾಪುರ, ಹೊಸೂರುಗಳಂಥ ಪಟ್ಟಣಗಳ ಫಲಕಗಳಿಗೂ ಬಂದು ಸೇರಿದೆ. ಆ ಗಾಜಿನ ಬಾಗಿಲಿನ ಒಳಗೆ ಮಾರಾಟವಾಗುವ ವಸ್ತುಗಳನ್ನು ಒಂದೊಂದಾಗಿ ಎಣಿಸಿದರೆ ಪಟ್ಟಿ ದೊಡ್ಡದೇನಲ್ಲ: ಬೆಚ್ಚಗಿನ ಎಣ್ಣೆ, ಬಿಸಿನೀರು, ಒಳ್ಳೆಯ ಟವೆಲು, ಮೈ ತಿಕ್ಕುವ ಎರಡು ಕೈ, ಮತ್ತು ಯಾರೂ ಹೆಸರು ಹಿಡಿದು ಕೂಗದ ಒಂದು ಗಂಟೆ. ಮೊದಲ ಮೂರು ಬಡವರ ಮನೆಯಲ್ಲೂ ಇವೆ. ಟವೆಲಿನ ಮಟ್ಟಿಗಂತೂ ಸೊಲ್ಲಾಪುರದವರು ಯಾರಿಗೂ ತಲೆಬಾಗಬೇಕಾಗಿಲ್ಲ. ಅಲ್ಲಿಯ ಮಗ್ಗಗಳ ಟವೆಲು ಪರದೇಶಗಳವರೆಗೂ ಹೋಗುತ್ತದೆ. ಮನೆಯಲ್ಲಿ ಸಿಗದಿರುವುದು ಕೊನೆಯ ಎರಡು, ಆ ಕೈ ಮತ್ತು ಆ ಗಂಟೆ.

ಕನ್ನಡಕ್ಕೆ ಈ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಜತ್ತ, ಅಕ್ಕಲಕೋಟೆಯ ಮನೆಗಳಲ್ಲಿ ದಿನನಿತ್ಯದ್ದು ಜಳಕ. ತಲೆಗೆ ಎಣ್ಣೆಯೊತ್ತಿ ಸೀಗೆಕಾಯಿ ಹಚ್ಚಿ ಮಾಡುವುದು ‘ಎರಕೊಳ್ಳೋದು’. ಕಾಸರಗೋಡಿನವರು ಮೀಯುತ್ತಾರೆ, ಎಣ್ಣೆಯ ದಿನವಾದರೆ ಎಣ್ಣೆ ಹಚ್ಚಿ ಮೀಯುತ್ತಾರೆ. ರಾಯದುರ್ಗ, ಮಡಕಶಿರಾದ ಮಕ್ಕಳು ಇದನ್ನೇ ತೆಲುಗು ಗೆಳೆಯರ ಬಾಯಲ್ಲಿ ‘ತಲಂಟು’ ಎಂದು ಕೇಳಿರುತ್ತಾರೆ. ಸೊಲ್ಲಾಪುರದ ಮಕ್ಕಳಿಗೆ ಶಾಲೆಯ ಆವರಣ ದಾಟಿದೊಡನೆ ಸ್ನಾನವೆಲ್ಲವೂ ‘ಆಂಘೋಳ’. ಎರೆ ಎಂಬ ಧಾತುವಿಗೆ ಹೊಯ್ಯು, ಸುರಿ ಎಂದು ಅರ್ಥ. ಎರೆಯುವುದೆಂದ ಮೇಲೆ ಎರೆಯುವವರೊಬ್ಬರು, ಎರೆಸಿಕೊಳ್ಳುವವರೊಬ್ಬರು ಇರಲೇಬೇಕು. ಒಬ್ಬರೇ ಒಳಗೆ ಹೋಗಿ ಅಗುಳಿ ಹಾಕಿಕೊಂಡು ಐದು ನಿಮಿಷದಲ್ಲಿ ಹೊರಬರುವ ಇಂದಿನ ಸ್ನಾನಕ್ಕೆ ಆ ಪದ ಹೊಂದುವುದಿಲ್ಲ. ಮಕ್ಕಳ ನಾಲಗೆಯಿಂದ ಅದು ಜಾರುತ್ತಿದ್ದರೆ ಅದಕ್ಕೆ ಪಕ್ಕದ ಭಾಷೆಯೊಂದೇ ಕಾರಣವಲ್ಲ. ಆ ಕೆಲಸವೇ ಮನೆಯಿಂದ ಜಾರಿದೆ.

ಇದು ಒಂದು ಕಾಲಕ್ಕೆ ಅರಮನೆಯ ಭೋಗವೂ ಆಗಿತ್ತು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಭೋಗಗಳನ್ನು ಹೇಳುವ ಭಾಗವೊಂದಿದೆ; ಮನೆ, ಊಟ, ತಾಂಬೂಲಗಳ ಜೊತೆಗೆ ಸ್ನಾನಕ್ಕೂ ಅಲ್ಲಿ ಪ್ರತ್ಯೇಕ ಪ್ರಕರಣವಿದೆ. ಇಂದಿನ ಸೊಲ್ಲಾಪುರ, ಅಕ್ಕಲಕೋಟೆಯ ಸೀಮೆ ಆ ಚಾಲುಕ್ಯರ ಆಳ್ವಿಕೆಗೆ ಸೇರಿದ್ದ ನೆಲವೇ. ಆದರೆ ವಾಗ್ಭಟನ ‘ಅಷ್ಟಾಂಗಹೃದಯ’ವು ಅಭ್ಯಂಗವನ್ನು ಭೋಗವೆಂದು ಎಣಿಸದೆ ದಿನಚರಿಯಲ್ಲಿ ಸೇರಿಸಿತು, ತಲೆ, ಕಿವಿ, ಅಂಗಾಲುಗಳಿಗೆ ವಿಶೇಷವಾಗಿ ಎಣ್ಣೆ ಬೀಳಬೇಕೆಂದಿತು, ಕಫ ಕಟ್ಟಿದವರಿಗೂ ಅಜೀರ್ಣವಾದವರಿಗೂ ಅದು ಕೂಡದೆಂದು ಎಚ್ಚರಿಸಿತು. ಮನೆಗಳಲ್ಲಿ ಅದು ವಾರಕ್ಕೊಮ್ಮೆಗೆ ಇಳಿಯಿತು. ಗಂಡಸರಿಗೆ ಶನಿವಾರ, ಹೆಂಗಸರಿಗೆ ಮಂಗಳವಾರ ಇಲ್ಲವೆ ಶುಕ್ರವಾರ ಎಂಬುದು ಬಹುತೇಕ ಕಡೆಯ ರೂಢಿ. ಈಗ ಹಲವು ಮನೆಗಳಲ್ಲಿ ಉಳಿದಿರುವುದು ನರಕ ಚತುರ್ದಶಿಯ ಒಂದು ಬೆಳಗು ಮಾತ್ರ: ಹಿಂದಿನ ಸಂಜೆ ನೀರು ತುಂಬುವ ಹಬ್ಬ, ಹಂಡೆಯ ಕೊರಳಿಗೆ ಬಳ್ಳಿ, ಅರಿಸಿನ ಕುಂಕುಮ, ಮಹಾರಾಷ್ಟ್ರದ ಕಡೆಯಾದರೆ ಅಂಗಡಿಯ ಉಟಣೆ ಪೊಟ್ಟಣ, ಜೊತೆಗೆ ಮೋತಿ ಸಾಬೂನು.

ವಾರದ ಗಣನೆಯಲ್ಲಿ ಗಂಡಸರಿಗೂ ಮಕ್ಕಳಿಗೂ ಎರೆಯುವವಳು ಒಬ್ಬಳು ಇದ್ದೇ ಇದ್ದಳು. ಅವಳಿಗೆ ಯಾರು ಎರೆಯುತ್ತಿದ್ದರು ಎಂಬ ಪ್ರಶ್ನೆಗೆ ಉತ್ತರ ಬಾಣಂತನದಲ್ಲಿದೆ. ಹೆರಿಗೆಯಾದ ಮೇಲಿನ ಕೆಲವು ವಾರ, ತವರಿನ ಬಚ್ಚಲಿನಲ್ಲಿ, ತಾಯಿಯೋ ಅಜ್ಜಿಯೋ ಅದಕ್ಕೆಂದೇ ಬರುವ ಹೆಂಗಸೋ ಮೈತುಂಬ ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಎರೆಯುತ್ತಾರೆ. ಕಾಸರಗೋಡಿನ ಕಡೆ ಆ ನೀರಿಗೆ ಔಷಧದ ಸೊಪ್ಪು ತೊಗಟೆಗಳು ಬೀಳುತ್ತವೆ. ಕೂಸು ಅಡಕೆಯ ಹಾಳೆಯ ಮೇಲೆ ಮಲಗಿ ಮೀಯುತ್ತದೆ. ಆ ವಾರಗಳು ಮುಗಿದ ಮೇಲೆ ಅನೇಕ ಹೆಂಗಸರ ಬೆನ್ನಿಗೆ ಇನ್ನೊಬ್ಬರ ಕೈ ತಾಗುವುದು ಮುಪ್ಪಿನಲ್ಲಿ, ಹಾಸಿಗೆ ಹಿಡಿದ ಮೇಲೆ. ನಡುವಿನ ಮೂವತ್ತು ನಲವತ್ತು ವರ್ಷ ಅವಳು ಎಲ್ಲರಿಗೂ ಎರೆಯುತ್ತಾಳೆ. ಸೊಲ್ಲಾಪುರದಲ್ಲಿ ಬೀಡಿ ಸುತ್ತುವ ಸಾವಿರಾರು ಹೆಂಗಸರು ತೊಡೆಯ ಮೇಲೆ ಮೊರವಿಟ್ಟುಕೊಂಡು ದಿನವಿಡೀ ಕತ್ತು ಬಗ್ಗಿಸಿ ಕೂರುತ್ತಾರೆ. ಆದವಾನಿಯ ಸೀಮೆಯಲ್ಲಿ ಹತ್ತಿ ಬಿಡಿಸುವವರ ಸೊಂಟ, ಕಾಸರಗೋಡಿನ ಅಡಕೆ ಸುಲಿಯುವವರ ಹೆಗಲು ಕೂಡ ಅದೇ ಕಥೆಯನ್ನು ಹೇಳುತ್ತವೆ. ವಾರದ ಆ ಒಂದು ಗಂಟೆ ಮೊದಲು ಸಲ್ಲಬೇಕಾದದ್ದು ಈ ಬೆನ್ನುಗಳಿಗೆ.

ಅದಕ್ಕೆ ಸಿದ್ಧತೆ ಸರಳ. ಎಣ್ಣೆ ಆಯಾ ಸೀಮೆಯದೇ ಸಾಕು. ಕರಾವಳಿಗೆ ತೆಂಗಿನೆಣ್ಣೆ, ಹೊಸೂರು ತಾಳವಾಡಿಗೆ ಎಳ್ಳೆಣ್ಣೆ, ಬಯಲುಸೀಮೆಯಲ್ಲಿ ನೆತ್ತಿಗೆ ಹರಳೆಣ್ಣೆ. ದೊಡ್ಡವರೊಬ್ಬರ ಇಡೀ ಮೈಗೆ ಸುಮಾರು 50 ಮಿಲಿಲೀಟರ್ ಹಿಡಿಯುತ್ತದೆ, ಮಕ್ಕಳಿಗೆ ಅದರ ಅರ್ಧ. ಎಣ್ಣೆಯನ್ನು ನೇರವಾಗಿ ಉರಿಯ ಮೇಲಿಡುವುದಕ್ಕಿಂತ ಬಟ್ಟಲಿನಲ್ಲಿ ಹಾಕಿ ಆ ಬಟ್ಟಲನ್ನು ಬಿಸಿನೀರಿನಲ್ಲಿ ಇಡುವುದು ಕ್ಷೇಮ. ನೆತ್ತಿ, ಕಿವಿಯ ಹಿಂಭಾಗ, ಕತ್ತಿನ ಬುಡ, ಹೆಗಲು, ಸೊಂಟ, ಮಂಡಿ, ಅಂಗಾಲು ಎಂಬ ಕ್ರಮದಲ್ಲಿ ಇಳಿಯಬೇಕು; ಕೀಲುಗಳಲ್ಲಿ ವರ್ತುಲವಾಗಿ, ಕೈಕಾಲುಗಳಲ್ಲಿ ಉದ್ದಕ್ಕೆ. ಮರಾಠಿ ನೆರೆಹೊರೆಯ ಮನೆಗಳಲ್ಲಿ ಅಂಗಾಲು ತಿಕ್ಕಲು ಕಂಚಿನ ಬಟ್ಟಲು ಬಳಸುವುದುಂಟು. ಅದೇ ಬಟ್ಟಲನ್ನು ಈಗ ಸ್ಪಾಗಳು ದೊಡ್ಡ ಹೆಸರಿಟ್ಟು ಬಿಲ್ಲಿಗೆ ಸೇರಿಸುತ್ತಿವೆ. ತಿಕ್ಕಲು ಇಪ್ಪತ್ತು ನಿಮಿಷ, ಸುಮ್ಮನೆ ಕೂರಲು ಇಪ್ಪತ್ತು, ಎರೆಯಲು ಇಪ್ಪತ್ತು. ನಡುವಿನ ಇಪ್ಪತ್ತರಲ್ಲಿ ಮೊಬೈಲು ಹಿಡಿಯುವುದು ಕಷ್ಟ, ಏಕೆಂದರೆ ಕೈಯೆಲ್ಲ ಎಣ್ಣೆ. ಇದನ್ನು ಒಂದು ಲಾಭವೆಂದೇ ಲೆಕ್ಕ ಹಿಡಿಯಬಹುದು.

ಜಿಡ್ಡು ಬಿಡಿಸುವ ಪುಡಿಗಳ ಲೋಕವೇ ಬೇರೆ, ಮತ್ತು ಗಡಿ ಸೀಮೆಗಳ ಸಿರಿ ಅಲ್ಲಿದೆ. ಸೀಗೆಕಾಯಿ ಎಲ್ಲರಿಗೂ ಗೊತ್ತು, ಅಂಟುವಾಳವೂ ಗೊತ್ತು. ರಾಯದುರ್ಗ, ಬಳ್ಳಾರಿಯ ಕಡೆ ಚಿಗರೆ ಪುಡಿ ಎನ್ನುವುದನ್ನೇ ಚಾಮರಾಜನಗರದ ಸೀಮೆಯವರು ಸುಜ್ಜಲ ಪುಡಿ ಎನ್ನುತ್ತಾರೆ, ತಮಿಳರು ಅರಪ್ಪು ಎನ್ನುತ್ತಾರೆ. ಒಂದೇ ಮರದ ಎಲೆ, ಮೂರು ಹೆಸರು. ತಾಳವಾಡಿಯ ಸಂತೆಯಲ್ಲಿ ಯಾವ ಹೆಸರಿನಲ್ಲಿ ಕೇಳಿದರೂ ಸಿಕ್ಕೀತು. ಕಾಸರಗೋಡಿನಲ್ಲಿ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿದರೆ ಬರುವ ಲೋಳೆಯೇ ತಲೆಗೆ ಸಾಕು, ಮಲಯಾಳದಲ್ಲಿ ಅದು ತಾಳಿ. ಮೈಗೆ ಕಡಲೆಹಿಟ್ಟು ಇಲ್ಲವೆ ಹೆಸರುಹಿಟ್ಟು: ಹಿಟ್ಟು ಜಿಡ್ಡನ್ನು ಹೀರಿ ತೆಗೆದರೂ ಸಾಬೂನಿನಂತೆ ಚರ್ಮವನ್ನು ಒಣಗಿಸುವುದಿಲ್ಲ. ಸೀಗೆ, ಅಂಟುವಾಳಗಳಲ್ಲಿ ನೊರೆ ಬರಿಸುವ ಸತ್ವವೇ ಕಣ್ಣಿಗೆ ಉರಿ. ಪುಡಿಯನ್ನು ಬೆಚ್ಚಗಿನ ಅನ್ನದ ಗಂಜಿಯಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿಕೊಂಡರೆ ಮಕ್ಕಳ ಅಳು ಅರ್ಧಕ್ಕರ್ಧ ತಗ್ಗುತ್ತದೆ. ಒಣಗಿದ ಹೀರೆಕಾಯಿಯ ನಾರು ಬೆನ್ನುಜ್ಜಲು ಇದ್ದರಂತೂ ಅಂಗಡಿಯ ಬ್ರಷ್ಷು ಬೇಡ.

ನೀರಿನ ಮಾತು ಬಂದಾಗ ಜತ್ತದ ಓದುಗರು ನಕ್ಕಾರು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಹಳ್ಳಿಗಳಲ್ಲಿ ಟಬ್ಬು ತುಂಬಿಸಿ ಮಲಗುವ ಕಲ್ಪನೆಯೇ ಅಪಚಾರ. ಆದರೆ ಎರೆಯುವ ಸ್ನಾನ ಮಿತವ್ಯಯದ್ದು. ಸಾಮಾನ್ಯ ಶವರಿನಿಂದ ನಿಮಿಷಕ್ಕೆ ಎಂಟು ಹತ್ತು ಲೀಟರ್ ಹರಿದುಹೋಗುತ್ತದೆ. ಹತ್ತು ನಿಮಿಷ ನಿಂತರೆ ನಾಲ್ಕೈದು ಬಕೆಟ್ ಖರ್ಚು. ಮಣೆಯ ಮೇಲೆ ಕುಳಿತವರಿಗೆ ತಂಬಿಗೆಯಿಂದ ನಿಧಾನವಾಗಿ ಹೊಯ್ದರೆ ಎರಡು ಬಕೆಟ್‌ನಲ್ಲಿ ತಲೆಸ್ನಾನ ಮುಗಿಯುತ್ತದೆ. ನೆತ್ತಿಯಿಂದ ಬೆನ್ನಿನ ಮೇಲೆ ಹರಿಯುವ ತೆಳುವಾದ ಧಾರೆಯ ಹಿತವನ್ನು ಶವರು ಕೊಡಲಾರದು. ನೀರು 38ರಿಂದ 40 ಡಿಗ್ರಿ ಸೆಲ್ಸಿಯಸ್ ಸಾಕು. ಮೊಣಕೈ ಅದ್ದಿದಾಗ ಸುಡದೆ ಬೆಚ್ಚಗೆನಿಸಬೇಕು. ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶ ಕುಂದಿದವರಿಗೆ ಬಿಸಿ ತಿಳಿಯುವುದಿಲ್ಲ. ಅವರ ನೀರನ್ನು ಬೇರೊಬ್ಬರು ಮುಟ್ಟಿ ನೋಡಬೇಕು. ಬಿಸಿನೀರಿನಿಂದ ಎದ್ದೊಡನೆ ತಲೆಸುತ್ತು ಬರುವುದುಂಟಾದ್ದರಿಂದ ವಯಸ್ಸಾದವರು ಮಣೆಯಿಂದ ಕೈಹಿಡಿದು ಏಳಬೇಕು.

ಎಣ್ಣೆ ನೀರಿಗಿಂತ ಮುಖ್ಯವಾದ ಒಂದು ಎಚ್ಚರಿಕೆಯಿದೆ. ಹಳೆಯ ಬಚ್ಚಲುಮನೆಗೆ ಹೆಂಚಿನ ಸಂದು, ಗೋಡೆಯ ಗವಾಕ್ಷಿ ಇದ್ದವು. ಹಂಡೆಯ ಒಲೆಯ ಹೊಗೆ ಹೇಗೋ ಹೊರಗೆ ಹೋಗುತ್ತಿತ್ತು. ಈಗಿನ ನಾಲ್ಕಡಿ ಆರಡಿಯ ಟೈಲ್ಸ್ ಕೋಣೆಯಲ್ಲಿ ಗ್ಯಾಸ್ ಗೀಸರ್ ಉರಿಯುವಾಗ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ಓಕರಿಕೆ ಎನಿಸಿ, ಏನಾಗುತ್ತಿದೆಯೆಂದು ತಿಳಿಯುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಸ್ನಾನಕ್ಕೆ ಹೋದವರು ಹೊರಬಾರದೆ ಹೋದ ದುರಂತಗಳು ಚಳಿಗಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗುತ್ತವೆ. ಗೀಸರ್ ಬಚ್ಚಲಿನ ಹೊರಗಿರಬೇಕು. ಅದಾಗದಿದ್ದರೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆರೆದ ಮೇಲೆಯೇ ಒಳಹೋಗಬೇಕು. ಮುಚ್ಚಿದ ಬಚ್ಚಲಿನಲ್ಲಿ ಸುಗಂಧಕ್ಕೆಂದು ಇದ್ದಲಿನ ಧೂಪ ಹಾಕುವುದೂ ಇದೇ ಅಪಾಯ. ಬಾಣಂತಿಯ ಕೋಣೆಯ ಅಗ್ಗಿಷ್ಟಿಕೆಗೂ ಈ ಮಾತು ಸಲ್ಲುತ್ತದೆ. ನೀರು ಕಾಯಿಸುವ ಕರೆಂಟಿನ ರಾಡ್ ಇರುವ ಮನೆಯಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಇಷ್ಟು ಶಿಸ್ತು ಇಲ್ಲದ ಮನೆಯಲ್ಲಿ ತಣ್ಣೀರಿನ ಸ್ನಾನವೇ ಲೇಸು.

ಮಕ್ಕಳ ವಿಷಯದಲ್ಲಿ ದಿನ ನೋಡಿಕೊಳ್ಳುವುದು ಜಾಣತನ. ಕಾಸರಗೋಡಿನ ಶಾಲೆಗಳಿಗೆ ಸಾಮಾನ್ಯವಾಗಿ ಶನಿವಾರ ರಜೆ, ಮಹಾರಾಷ್ಟ್ರದಲ್ಲಿ ಬೆಳಗಿನ ಶಾಲೆ, ಉಳಿದವರಿಗೆ ಭಾನುವಾರವಿದೆ. ಹತ್ತನೆಯ ತರಗತಿಯ ಪರೀಕ್ಷೆಯ ಹೊತ್ತಿಗೆ ನಿದ್ದೆಗೆಟ್ಟ ಮಕ್ಕಳಿಗೆ, ಮಲಗುವ ಒಂದೆರಡು ಗಂಟೆ ಮೊದಲು ಬರಿಯ ಬಿಸಿನೀರಿನ ಸ್ನಾನ ಮಾಡಿಸಿದರೂ ಗುಣವಿದೆ. ಬಿಸಿನೀರಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಸ್ನಾನದ ನಂತರ ಮೈಯೊಳಗಿನ ಶಾಖ ಹೊರಗೆ ಹೋಗಿ ದೇಹ ತಣಿಯುತ್ತದೆ, ಆ ತಣಿವೇ ನಿದ್ದೆಗೆ ಕರೆಯುತ್ತದೆ. ಎಣ್ಣೆಸ್ನಾನವನ್ನು ಮಾತ್ರ ಪರೀಕ್ಷೆಯ ಬೆಳಗಿಗೆ ಇಟ್ಟುಕೊಳ್ಳಬಾರದು. ಆ ಮಂಪರಿನಲ್ಲಿ ಗಣಿತದ ಪತ್ರಿಕೆ ಬಿಡಿಸುವುದು ಯಾರಿಂದಲೂ ಆಗದು. ನೆಗಡಿ, ಜ್ವರ ಇದ್ದಾಗಲೂ ಬೇಡ. ಕೂಸಿನ ಮೂಗಿಗೂ ಕಿವಿಗೂ ಎಣ್ಣೆ ಬಿಡುವ ಹಳೆಯ ರೂಢಿಯನ್ನು ಮಕ್ಕಳ ವೈದ್ಯರು ಒಪ್ಪುವುದಿಲ್ಲ. ಅಜ್ಜಿಯರು ಅಷ್ಟನ್ನು ಬಿಟ್ಟುಕೊಡಬೇಕು.

ಎರೆಸಿಕೊಳ್ಳುವ ಸರದಿ ಅಮ್ಮನದಾದ ದಿನ ಉಳಿದವರಿಗೆ ಕೆಲಸವಿದೆ. ಬೆಳೆದ ಮಗಳೋ ಅತ್ತೆಯೋ ಓರಗಿತ್ತಿಯೋ ಬೆನ್ನಿಗೆ ಎಣ್ಣೆ ಹಚ್ಚಬಹುದು. ತಲೆಗೆ ಎಣ್ಣೆಯೊತ್ತಲು ಹತ್ತು ವರ್ಷದ ಮಗನ ಬೆರಳಿಗೂ ಬಲ ಸಾಕು. ಅವನಿಗೆ ಅದು ಅಪಮಾನವೇನಲ್ಲ. ಆ ಹೊತ್ತಿನಲ್ಲಿ ಅಪ್ಪ ಅಡುಗೆಮನೆಯಲ್ಲಿದ್ದು ಮೆಣಸಿನ ಸಾರಿಗೆ ಒಗ್ಗರಣೆ ಹಾಕಿದರೆ ಎಣ್ಣೆಸ್ನಾನದ ಮೇಲಿನ ಹಸಿವಿಗೆ ಊಟ ಸಿದ್ಧ. ಬಾಗಿಲಾಚೆಯಿಂದ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೂಗಿ ಕೇಳಬಾರದು, ಹುಡುಕಿಕೊಳ್ಳಬೇಕು. ಕೊನೆಗೆ ಬಚ್ಚಲಿನ ನೆಲ ಉಳಿಯುತ್ತದೆ. ಎಣ್ಣೆ ಬಿದ್ದ ಟೈಲ್ಸಿನಷ್ಟು ಜಾರುವ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಸೋಸಿ ಉಳಿದ ಸೀಗೆಯ ಚರಟವನ್ನು ನೆಲಕ್ಕೆ ಚೆಲ್ಲಿ, ಪೊರಕೆಯಿಂದ ಉಜ್ಜಿ, ಒಂದು ಬಕೆಟ್ ಬಿಸಿನೀರು ಹೊಯ್ದು ತೊಳೆಯಬೇಕು. ಎಣ್ಣೆ ಹೀರಿದ ಟವೆಲನ್ನು ಅಂದೇ ಒಗೆದು ಬಿಸಿಲಿಗೆ ಹಾಕಬೇಕು. ಈ ಎರಡು ಕೆಲಸವೂ ಅಂದು ಅಮ್ಮನ ಪಾಲಿಗೆ ಬರಕೂಡದು.